ವೆನಿಸ್ ಬಗ್ಗೆ ನಾನಂದ ‘ಪರವಾಗಿಲ್ಲ’

ಸುಶೀಲಾ ಆಂಟಿ, ವೆನಿಸ್ ಬಗ್ಗೆ ನಿಮಗೆ ನಾನು ಸುಳ್ಳು ಹೇಳಿದೆ. ಒಂದೇ ಪದದ ಸುಳ್ಳು. ಅದನ್ನು ನಂಬಿ ನೀವು ಆ ಊರಿಗೆ ಹೋಗಲಿಲ್ಲ. ಇನ್ನು ಹೋಗುವಂತೆಯೂ ಇಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳಹೊರಟರೆ ಅದು ಇನ್ನೊಂದು ಸುಳ್ಳಾದೀತು.

ಆ ದಿನ ನಿಮಗೆ ನೆನಪಿರಬೇಕು — 2023ರ ಯುಗಾದಿ ಕಳೆದ ಭಾನುವಾರ, ಟೊರೆನ್ಸಿನ ನಮ್ಮ ಮನೆಯ ಹಿತ್ತಲಲ್ಲಿ ಊಟ. ನೀವು ಮಗ ಅಶೋಕನ ಜೊತೆ ಸ್ಯಾನ್ ಡಿಯಾಗೋದಿಂದ ಬಂದಿದ್ದಿರಿ. ತಿಳಿಹಸಿರು ಮೈಸೂರು ಸಿಲ್ಕು, ಗಾಳಿಗೆ ಸೆರಗು ಹಾರದಂತೆ ಎರಡು ಪಿನ್ನು. ಮೊಸರನ್ನಕ್ಕೆ ಬರುವ ಹೊತ್ತಿಗೆ ಮಾತು ಎಂದಿನಂತೆ ಯೂರೋಪಿಗೆ ಹೊರಳಿತು. ಕೋವಿಡ್ ಕಳೆದ ಮೇಲೆ ನಮ್ಮವರೆಲ್ಲ ಹೋಗಿ ಬಂದವರೇ. ಯಾವ ಊರು ಓವರ್‌ರೇಟೆಡ್, ಯಾವುದು ಅಂಡರ್‌ರೇಟೆಡ್ — ಉಪ್ಪಿನಕಾಯಿ ಬಾಟಲಿ ಕೈಯಿಂದ ಕೈಗೆ ದಾಟುತ್ತಿರುವಾಗಲೇ ತೀರ್ಪುಗಳೂ ಬೀಳುತ್ತಿದ್ದವು. ಪ್ಯಾರಿಸ್ ಬರೀ ಕ್ಯೂ. ರೋಮಿನಲ್ಲಿ ಜೇಬಿನ ಮೇಲೆ ಕೈಯಿಟ್ಟೇ ನಡೆಯಬೇಕು. ವೆನಿಸ್ ಹೆಸರು ಬಂದದ್ದೇ ತಡ, ನನ್ನ ಗಂಡನ ಜೊತೆ ಎಲ್ ಸೆಗುಂಡೋದಲ್ಲಿ ಕೆಲಸ ಮಾಡುವ ರಘು ಮೂಗು ಹಿಡಿದುಕೊಂಡು ತೋರಿಸಿದರು.

“ಅಯ್ಯೋ, ಗಬ್ಬು ವಾಸನೆ ಕಣ್ರೀ! ಅದನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಲಾಂಗ್ ಬೀಚಲ್ಲಿ ಅದೇ ಥರ ದೋಣಿ ಇದೆ. ಪಾರ್ಕಿಂಗೂ ಸಿಗತ್ತೆ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನೀವು ಮಾತ್ರ ನಗದೆ ನನ್ನ ಕಡೆ ತಿರುಗಿದಿರಿ.

“ನಳಿನಿ, ನೀನು ಹೋದ ವರ್ಷ ಹೋಗಿದ್ಯಲ್ಲ. ಇವರ ಮಾತು ಬಿಡು, ನಿನ್ನ ಕಣ್ಣಿಂದ ಯಾವುದೂ ತಪ್ಪಿಸ್ಕೊಳ್ಳಲ್ಲ. ವೆನಿಸ್ಸು ಹೇಗಿದೆಯಮ್ಮ? ಅಶೋಕಂಗೆ ಒಂದೇ ವಾರ ರಜ. ಒಂದೂರು ಆರಿಸ್ಕೋ ಅಮ್ಮ ಅಂತಿದಾನೆ.”

“ಪರವಾಗಿಲ್ಲ ಆಂಟಿ,” ಅಂದೆ.

ಈ ಪದದ ಗುಣ ನಿಮಗೆ ಗೊತ್ತು. ಕಣ್ಣರಳಿಸಿ ‘ಪರವಾಗಿಲ್ವೇ!’ ಅಂದರೆ ಅದು ಮೆಚ್ಚುಗೆ. ತುಟಿ ತುಸು ಸೊಟ್ಟ ಮಾಡಿ ಅಂದರೆ — ಹೋಗದಿದ್ದರೂ ನಷ್ಟವಿಲ್ಲ ಎಂದರ್ಥ. ನಾನು ತುಟಿ ಸೊಟ್ಟ ಮಾಡಿದೆ. ಬೇಕೆಂದೇ ಮಾಡಿದೆ. ಅಷ್ಟಕ್ಕೇ ನಿಲ್ಲದೆ, ಬೆಲ್ಜಿಯಮ್ಮಿನಲ್ಲಿ ಗೆಂಟ್ ಅಂತ ಒಂದೂರಿದೆ, ಅಲ್ಲೂ ಕಾಲುವೆ ಇದೆ, ಜನ ಕಡಿಮೆ, ವೆಜಿಟೇರಿಯನ್ ಊಟಕ್ಕೂ ತೊಂದರೆಯಿಲ್ಲ ಎಂದೆಲ್ಲ ಹೇಳಿದೆ. ಗೆಂಟನ್ನು ನಾನು ಕಂಡದ್ದು ಫೋನಿನಲ್ಲಿ, ಯಾರದೋ ವಿಡಿಯೋದಲ್ಲಿ, ಬಟ್ಟೆ ಮಡಿಸುತ್ತಾ.

ಈಗ ವೆನಿಸಿನ ನಿಜ ಹೇಳುತ್ತೇನೆ.

ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೆ ರಸ್ತೆ ಇರುತ್ತದೆ ಎಂದು ಕಾಲು ತಾನೇ ಅಂದುಕೊಂಡಿರುತ್ತದಲ್ಲ — ಅಲ್ಲಿ ರಸ್ತೆಯಿಲ್ಲ. ಅಗಲವಾದ ಮೆಟ್ಟಿಲು, ಅದರ ಬುಡಕ್ಕೇ ನೀರು. ಬೆಳಿಗ್ಗೆ ಎಂಟು ಗಂಟೆ. ಒಂದು ದೋಣಿಯಲ್ಲಿ ಟೊಮೆಟೊ ಪೆಟ್ಟಿಗೆಗಳು, ಇನ್ನೊಂದರಲ್ಲಿ ಯಾರದೋ ವಾಷಿಂಗ್ ಮಷೀನು. ಓಣಿಗಳೊಳಗೆ ಹೊಕ್ಕ ಮೇಲೆ ಕಾರಿನ ಸದ್ದೇ ಇಲ್ಲ. ಇಪ್ಪತ್ತು ವರ್ಷ ಫ್ರೀವೇಯ ಮೊರೆತ ಕೇಳಿದ ಕಿವಿಗೆ ಬರೀ ಚಪ್ಪಲಿಯ ಸದ್ದು, ಎಲ್ಲೋ ಪಾತ್ರೆ ತೊಳೆಯುವ ಸದ್ದು, ನೀರು ಗೋಡೆಗೆ ತಾಗುವ ಸದ್ದು. ಒಂದು ಮನೆಯ ಬಾಗಿಲು ನೇರ ನೀರಿಗೇ ತೆರೆದಿತ್ತು. ಹೊಸ್ತಿಲ ಕೆಳಗಿನ ಮೆಟ್ಟಿಲಿನ ಮೇಲೆ ಹಸಿರು ಪಾಚಿ, ಅದರ ಪಕ್ಕದಲ್ಲೇ ಒಣಗಲಿಟ್ಟ ಒರೆಸುವ ಬಟ್ಟೆ. ಅಷ್ಟು ಚೆಲುವಿನ ಊರಿನಲ್ಲಿ ಯಾರೋ ಒಬ್ಬಳು ಆಗಷ್ಟೇ ಮನೆ ಒರೆಸಿ ಮುಗಿಸಿದ್ದಳು… ನಾನು ಸೇತುವೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

“ಕಾಲು ನೋವಾ?” ಅಂದರು ನಮ್ಮವರು. “ಹೌದು,” ಅಂದೆ.

ವಾಸನೆ? ಒಂದು ತಿರುವಿನಲ್ಲಿ ಇತ್ತು. ಅಷ್ಟೇ.

ಹಾಗಿದ್ದರೆ ಯಾಕೆ ಸುಳ್ಳು ಹೇಳಿದೆ? ಎಲ್ಲರೂ ನಗುವಾಗ ‘ನಾನು ಅಲ್ಲಿ ಅತ್ತೆ’ ಅನ್ನುವುದಕ್ಕೆ ನಾಚಿಕೆಯಾಯಿತು, ಅದು ನಿಜ. ಅದರ ಕೆಳಗೆ ಇನ್ನೊಂದು ಇದೆ. ನೀವು ಮೂವತ್ತು ವರ್ಷ ಬಾಟನಿ ಪಾಠ ಮಾಡಿದವರು. ಒಂದು ಎಲೆ ಕೈಗೆ ಸಿಕ್ಕರೆ ಅರ್ಧ ಗಂಟೆ ಮಾತಾಡುತ್ತೀರಿ, ಎಲ್ಲರೂ ಬಾಯಿ ಬಿಟ್ಟು ಕೇಳುತ್ತಾರೆ. ನೀವು ಹೋಗಿಬಂದು ವೆನಿಸನ್ನು ಹೇಳಿದರೆ ಅದು ನಿಮ್ಮ ಊರಾಗಿಬಿಡುತ್ತದೆ. ನನಗೆ ನನ್ನದು ಅನ್ನುವ ಒಂದು ಬೆಳಗು ಇತ್ತು — ಅದನ್ನು ಕೊಡಲು ಮನಸ್ಸು ಬರಲಿಲ್ಲ. ಕಾನ್ವೆಂಟಿನಲ್ಲಿ ಪ್ರತಿ ವರ್ಷ ಮಾರಲ್ ಸೈನ್ಸಿಗೆ ಮೊದಲ ಬಹುಮಾನ ಪಡೆದವಳು ನಾನು. ಹೊಟ್ಟೆಕಿಚ್ಚಿಗೆ ಹೊಟ್ಟೆಕಿಚ್ಚು ಎಂದೇ ಹೆಸರು. ಬೇರೆ ಹೆಸರು ಹುಡುಕುವುದಿಲ್ಲ.

ನೀವು ಗೆಂಟಿಗೆ ಹೋಗಿಬಂದಿರಿ. ಹೇಗಿತ್ತು ಎಂದು ಫೋನಿನಲ್ಲಿ ಕೇಳಿದೆ. “ಪರವಾಗಿಲ್ಲಮ್ಮ,” ಅಂದಿರಿ. ಗೆಂಟಿನ ತಪ್ಪೇನೂ ಇಲ್ಲ. ಒಳ್ಳೆಯ ಊರೇ ಇರಬೇಕು. ನೀವು ಕೇಳಿದ ಊರು ಅದಾಗಿರಲಿಲ್ಲ, ಅಷ್ಟೇ.

ಮರುವರ್ಷ ನೀವು ಬಚ್ಚಲಲ್ಲಿ ಜಾರಿ ಬಿದ್ದಿರಿ. ಸೊಂಟದ ಆಪರೇಷನ್ ಆಯಿತು, ವಾಕರ್ ಬಂತು, ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ವೆನಿಸಿನಲ್ಲಿ ನಾಲ್ಕು ಹೆಜ್ಜೆಗೊಂದು ಸೇತುವೆ, ಪ್ರತಿ ಸೇತುವೆಗೂ ಮೆಟ್ಟಿಲು.

ಹೋದ ತಿಂಗಳು ನಿಮ್ಮನ್ನು ನೋಡಲು ಬಂದಾಗ ನನ್ನ ಸೀರೆಯ ಫಾಲ್ ಬಿಚ್ಚಿಕೊಂಡಿತ್ತು. “ತಾ ಇಲ್ಲಿ, ಎರಡು ಹೊಲಿಗೆ ಹಾಕ್ತೀನಿ. ಕಪಾಟಲ್ಲಿ ಡಬ್ಬಿ ಇದೆ ನೋಡು,” ಅಂದಿರಿ. ತಂದುಕೊಟ್ಟೆ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಬಣ್ಣ ಹೋದ ಚಿತ್ರ — ಕಲ್ಲಿನ ಸೇತುವೆ, ಕೆಳಗೆ ಉದ್ದ ಮೂತಿಯ ಕಪ್ಪು ದೋಣಿ.

“ನಮ್ಮಮ್ಮನ ಸೂಜಿ ದಾರದ ಡಬ್ಬಿ ಕಣೇ,” ಅಂದಿರಿ, ದಾರಕ್ಕೆ ಎಂಜಲು ಹಚ್ಚಿ ಸೂಜಿಗೆ ಪೋಣಿಸುತ್ತಾ. “ಚಿಕ್ಕವಳಿದ್ದಾಗ ಇದು ದೇವಲೋಕ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ವೆನಿಸ್ಸು ಅಂತ. ಸದ್ಯ, ನೀನು ನಿಜ ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಈಗ ಹೋಗೋಕಾಗಲ್ವಲ್ಲ ಅಂತ ಕೊರಗ್ತಿದ್ದೆ.”

ನೀವು ಕೂತಲ್ಲೇ ಬಗ್ಗಿ ನನ್ನ ಸೀರೆಯ ಅಂಚು ಹೊಲಿಯುತ್ತಿದ್ದಿರಿ. ನಾನು ನಿಂತೇ ಇದ್ದೆ.

ನನ್ನ ಸುಳ್ಳು ನಿಮಗೆ ಸಮಾಧಾನವಾಗಿ ಕೂತಿದೆ. ಅದನ್ನು ಹಾಗೇ ಬಿಡಬಹುದಿತ್ತು. ಒಂದು ತಿಂಗಳು ಹಾಗೆಂದೇ ಯೋಚಿಸಿದೆ. ಆದರೆ ಆ ಮುಚ್ಚಳ ನೋಡಿ ದೇವಲೋಕ ಅಂದುಕೊಂಡ ಹುಡುಗಿ ತಪ್ಪು ತಿಳಿದಿರಲಿಲ್ಲ. ಅವಳ ಕಣ್ಣು ಸರಿಯಾಗಿಯೇ ಇತ್ತು. ಅದನ್ನು ಅವಳಿಗೆ ಹೇಳದೆ ಇರುವ ಹಕ್ಕು ನನಗಿಲ್ಲ.

ಬರುವ ಭಾನುವಾರ ಬರುತ್ತೇನೆ. ಇದನ್ನು ನಿಮ್ಮೆದುರು ಕೂತು ಓದುತ್ತೇನೆ. ಆಮೇಲೆ ನೀವು ಬೇಕೆಂದರೆ ಆ ಬೆಳಗನ್ನು ನಿಲ್ದಾಣದ ಮೆಟ್ಟಿಲಿನಿಂದ ಶುರುಮಾಡಿ ಪೂರ್ತಿ ಹೇಳುತ್ತೇನೆ. ಬೇಡವೆಂದರೆ ಎದ್ದು ಬರುತ್ತೇನೆ. ಬೈಯಿರಿ, ಮಾತು ಬಿಡಿ, ನಿಮ್ಮಿಷ್ಟ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಸ್ವಭಾವ ನನಗೆ ಗೊತ್ತು, ನಾನು ಓದಿ ಮುಗಿಸುವ ಮುಂಚೆಯೇ ಅದು ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ —

ಆಂಟಿ, ದಯವಿಟ್ಟು ‘ಪರವಾಗಿಲ್ಲ’ ಅನ್ನಬೇಡಿ.