ಅಪ್ಪ ಆನೆ ಕೂರಿಸಿದ ನನ್ನ ಮಣೆ

ಇವತ್ತು ಬೀನ್ಸ್ ಹೆಚ್ಚಿ ಮಣೆ ತೊಳೆಯುವಾಗ ಒದ್ದೆ ಬೀಟೆಮರದ ವಾಸನೆ ಬಂತು. ಅಪ್ಪ ಕೆಸರೆಯಲ್ಲಿ, ಬೀಟೆ ಹಲಗೆಯೊಳಗೆ ಬಣ್ಣಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವ ಕಾರ್ಖಾನೆಯಲ್ಲಿದ್ದರು. ಅಲ್ಲಿ ಉಳಿದ ತುಂಡುಗಳನ್ನು ಅಂಟಿಸಿ, ಉಪ್ಪುಕಾಗದದಿಂದ ಉಜ್ಜಿ, ಅಮ್ಮನಿಗೆಂದು ತರಕಾರಿ ಹೆಚ್ಚುವ ಮಣೆಯನ್ನು ನಾನೇ ಮಾಡಿದೆ. ಖಾಲಿ ಹಲಗೆ ಕಂಡರೆ ಅಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ನಟ್ಟನಡುವೆ ಒಂದು ಆನೆ ಕೂರಿಸಿಬಿಟ್ಟರು.

ಅಮ್ಮ ಚಾಕು ಕೆಳಗಿಟ್ಟರು. "ಆನೆ ಮೇಲೆ ಈರುಳ್ಳಿ ಎಂಗ್ರೀ ಹೆಚ್ಲಿ? ಗೋಡೆಗೆ ನೇತಾಕ್ಬುಡಿ."

ನನಗೆ ರೇಗಿತು. "ಗೋಡೆಗಲ್ಲ, ಅಡುಗೆಗೆ ಮಾಡಿದ್ದು ಕಣಮ್ಮ!" ಎಂದು ಮಣೆಯನ್ನು ಮಗುಚಿಟ್ಟೆ.

ಅಪ್ಪ ನಕ್ಕು, ನನ್ನತ್ತ ಕೈ ತೋರಿಸಿ ಅಮ್ಮನಿಗೆ ಹೇಳಿದರು. "ಮೇಸ್ತ್ರಿ ಹೇಳಿದ್ಮೇಲೆ ಮುಗೀತು ಕಣೇ, ಹೆಚ್ಚು."

ಚಾಕುವಿನ ಏಟು ತಿಂದು ತಿಂದು ಹಿಂಬದಿ ಈಗ ತಗ್ಗಾಗಿದೆ. ಮಗುಚಿದರೆ, ಆನೆಯ ಮೇಲೆ ಒಂದು ಗೀರೂ ಇಲ್ಲ.