ಮಟಮಟ ಮಧ್ಯಾಹ್ನದ ದೀಪ

ನಾಲ್ಕನೇ ತರಗತಿಯಲ್ಲಿ ಹಗಲು ರಾತ್ರಿಯ ಪಾಠ ಬಂತೆಂದರೆ ನನಗೆ ಹಬ್ಬ. ಬಾಗಿಲು ಕಿಟಕಿ ಹಾಕಿಸಿ, ಮೇಜಿನ ಮೇಲೆ ಲಾಟೀನು ಇಟ್ಟು, ಅದರ ಮುಂದೆ ರಬ್ಬರ್ ಚೆಂಡು ತಿರುಗಿಸುತ್ತಿದ್ದೆ. ಗ್ರಹ ಯಾವುದೇ ಇರಲಿ, ಸೂರ್ಯನಿಗೆ ಮುಖ ಕೊಟ್ಟ ಅರ್ಧಕ್ಕೆ ಹಗಲು, ಬೆನ್ನು ಕೊಟ್ಟ ಅರ್ಧಕ್ಕೆ ರಾತ್ರಿ. ಗುರು ಗರಗರ ತಿರುಗುವವನು. ಅಲ್ಲಿ ರೊಟ್ಟಿ ಬಡಿದು, ಉಂಡು, ಒಂದು ನಿದ್ದೆ ತೆಗೆಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಶುಕ್ರ ಮಹಾ ಸೋಮಾರಿ. ಸೂರ್ಯನನ್ನು ಒಂದು ಸಲ ಸುತ್ತಿ ಬಂದರೂ ತನ್ನ ಸುತ್ತ ತಾನು ಒಂದು ಸುತ್ತು ಮುಗಿಸಿರುವುದಿಲ್ಲ. ಭಾನುವಾರವನ್ನು ಮಾತ್ರ ಶುಕ್ರನ ಮೇಲೆ ಕಳೆಯಬೇಕು, ಉಳಿದ ವಾರವನ್ನೆಲ್ಲ ಗುರುವಿನ ಮೇಲೆ ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದವು. ನಾನು ತಮಾಷೆಗೆ ಹೇಳುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಗಂಡ ತೀರಿಕೊಂಡ ಮೇಲೆ ನನಗೆ ಸಿಕ್ಕ ನೌಕರಿ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ. ಒಂಟಿ ಹೆಂಗಸಿಗೆ ಮನೆ ಕೊಡುವವರಾದರೂ ಯಾರು? ಹುಡುಕಿ ಹುಡುಕಿ ಸಿಕ್ಕಿದ್ದು ಹಿಟ್ಟಿನ ಗಿರಣಿಗೆ ಅಂಟಿಕೊಂಡ ಒಂದು ಕೋಣೆ. ನಾಲ್ಕು ವರ್ಷದ ಮಗಳಿಗೆ ಮೊದಲೇ ಉಬ್ಬಸ, ಆ ಹಿಟ್ಟಿನ ಧೂಳಿನಲ್ಲಿ ಅವಳು ಉಳಿಯುವಂತಿರಲಿಲ್ಲ. ಹಡಗಲಿಯಲ್ಲಿ ನಮ್ಮವ್ವನ ಹತ್ತಿರ ಬಿಟ್ಟೆ. ಸಂಜೆ ಗಿರಣಿಯ ಸದ್ದು ನಿಂತಿತೆಂದರೆ ಕೋಣೆಯಲ್ಲಿ ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂಬ ಅಂದಾಜು ನನ್ನ ಕೈಗೆ ಕೊನೆಗೂ ಬರಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಟರೆ, ಹರಪನಹಳ್ಳಿಯಲ್ಲಿ ಬಸ್ಸಿಗೆ ಕಾದು ಕಾದು, ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಸೋಮವಾರ ಇನ್ನೂ ಕತ್ತಲಿರುವಾಗಲೇ ಮೊದಲ ಬಸ್ಸು. ಕೂಸನ್ನು ಬಿಟ್ಟು ಹೋಗುವವರು ಅದರ ಕಣ್ಣು ತಪ್ಪಿಸಿಯೇ ಹೋಗಬೇಕು, ಎದುರಿಗೆ ಹೊರಟರೆ ಹಂಬಲ ಹಿಡಿದು ಜ್ವರ ಬರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಅದಕ್ಕೇ ಮಲಗಿದ ಮಗಳ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಹೊರಬೀಳುತ್ತಿದ್ದೆ.

"ಎದ್ದ ಮ್ಯಾಲ ಅತ್ತಳೇನವಾ?" ಎಂದು ಪ್ರತಿ ಶನಿವಾರ ಕೇಳುತ್ತಿದ್ದೆ.

"ಇಲ್ಲ ಬಿಡವಾ. ಎದ್ದು, ಮಾರಿ ತೊಳಕೊಂಡು ಆಡಾಕ ಹೋದ್ಲು," ಎನ್ನುತ್ತಿದ್ದಳು ನಮ್ಮವ್ವ.

ಪುಣ್ಯ, ಕೂಸು ಹೊಂದಿಕೊಂಡಿದೆ ಎಂದು ನಿರಾಳವಾಗುತ್ತಿತ್ತು. ಆದರೆ ಅದರ ಜೊತೆಗೇ ಇನ್ನೊಂದು ಯೋಚನೆಯೂ ಬರುತ್ತಿತ್ತು. ನಾನಿಲ್ಲದಿದ್ದರೂ ನಡೆಯುತ್ತದೆ ಅವಳಿಗೆ. ಇನ್ನೊಂದು ವರ್ಷ ಹೋದರೆ ನಾನು ವಾರಕ್ಕೊಮ್ಮೆ ಬರುವ ನೆಂಟಳು. ಬಸ್ಸಿನಲ್ಲಿ ಇದನ್ನೇ ಯೋಚಿಸಿ ಪಕ್ಕದವರ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ.

ಒಂದು ಶನಿವಾರ ಹೋದಾಗ ನಮ್ಮವ್ವ ನಗುತ್ತ ದೂರು ಹೇಳಿದಳು. "ನಿನ್ನ ಮಗಳ ಹುಚ್ಚು ಕೇಳಿಲ್ಲಿ. ಬುಧವಾರ ಮಟಮಟ ಮಧ್ಯಾಹ್ನ ಬಾಗಿಲ ಹಾಕಿ, ದೇವರ ಮುಂದಿನ ದೀಪ ಹಚ್ಚು ಅಂತ ಗಂಟುಬಿದ್ಲು. ದೀಪ ಹಚ್ಚಿದ್ರ ನಿಮ್ಮವ್ವ ಬರ್ತಾಳ ಅಂತ ನಾನ ಯಾವಾಗ್ಲೋ ಅಂದಿದ್ನಂತ."

ಮಗಳ ಲೆಕ್ಕ ಸರಿಯಾಗಿಯೇ ಇತ್ತು. ದೀಪ ಹಚ್ಚಿದರೆ ಕತ್ತಲಾಗುತ್ತದೆ, ಕತ್ತಲಾದರೆ ಅವ್ವ ಬರುತ್ತಾಳೆ. ನನ್ನೊಳಗಿನ ಮೇಷ್ಟ್ರಮ್ಮ ಸುಮ್ಮನಿರಬೇಕಲ್ಲ. ಭಾನುವಾರ ಅಂಗಳದ ಬಿಸಿಲಿಗೆ ಅವಳನ್ನು ಕರೆದು, ತೆಂಗಿನಕಾಯಿಗೆ ಕುಂಕುಮದ ಬೊಟ್ಟಿಟ್ಟು ತೋರಿಸಿದೆ.

"ಈ ಬೊಟ್ಟು ನಮ್ಮ ಹಡಗಲಿ. ಸೂರ್ಯ ಇದ್ದಲ್ಲೇ ಅದಾನ. ಭೂಮಿ ತಿರುಗಿ ತಿರುಗಿ ನಾವು ಈ ಕಡಿ ಬಂದ್ವೆಂದ್ರ, ಕತ್ತಲ."

ಅವಳು ಕಾಯಿ ಇಸಿದುಕೊಂಡು ತಾನೇ ತಿರುಗಿಸಿದಳು. ಬೊಟ್ಟು ನೆರಳಿಗೆ ಹೋಯಿತು, ಬಿಸಿಲಿಗೆ ಬಂತು. ನನ್ನ ನಾಲ್ಕನೇ ತರಗತಿಯವರಿಗಿಂತ ಬೇಗ ತಿಳಿಯಿತು ಅವಳಿಗೆ, ನಾನು ಉಬ್ಬಿಹೋದೆ.

"ಹಂಗಾರ ದೀಪ ಹಚ್ಚಿದ್ರ ಕತ್ತಲ ಆಗಂಗಿಲ್ಲೇನು?"

"ಇಲ್ಲ. ಕತ್ತಲಾಗೇತಂತ ದೀಪ ಹಚ್ತೀವಿ."

ಬೊಟ್ಟನ್ನು ಮತ್ತೆ ಬಿಸಿಲಿಗೆ ತಿರುಗಿಸಿದಳು. ಆಮೇಲೆ ಕೇಳಿದಳು: "ಹಂಗಾರ ನೀ ಬರಬೇಕಂದ್ರ ನಾ ಏನ್ ಮಾಡ್ಲಿ?"

ಅವಳ ಕೈಯಲ್ಲಿದ್ದ ಒಂದೇ ಒಂದು ಉಪಾಯವನ್ನು ಪಾಠ ಹೇಳಿ ಕಿತ್ತುಕೊಂಡಿದ್ದೆ. ಎದ್ದು ಒಲೆಯ ಮುಂದೆ ಹೋಗಿ ಕೂತೆ.

ಸೋಮವಾರ ಮೊದಲ ಬಸ್ಸಿಗೆ ನಾನು ಏಳಲಿಲ್ಲ. ಶಾಲೆಗೆ ಅರ್ಧ ದಿನ ರಜೆ ಹಾಕಿದರಾಯಿತು ಎಂದು ಗಟ್ಟಿ ಮನಸ್ಸು ಮಾಡಿ ಮಲಗಿಯೇ ಇದ್ದೆ. ಹೊತ್ತು ಹುಟ್ಟಿ, ಬೆಳಕು ಮುಖದ ಮೇಲೆ ಬಿದ್ದು ಮಗಳು ಕಣ್ಣು ಬಿಟ್ಟಳು. ನನ್ನನ್ನು ನೋಡಿ, ಕೆನ್ನೆ ಮುಟ್ಟಿ ನೋಡಿದಳು. ತಲೆ ಬಾಚಿ, ಉಣಿಸಿ, ನಾನು ಊರಿಗೆ ಹೋಗುತ್ತೇನೆ, ಶನಿವಾರ ಬರುತ್ತೇನೆ ಎಂದು ಮುಖ ನೋಡಿಯೇ ಹೇಳಿದೆ. ಬಸ್ ಸ್ಟ್ಯಾಂಡಿನವರೆಗೂ ಕೈ ಹಿಡಿದು ಬಂದಳು, ನಮ್ಮವ್ವನೂ ಜೊತೆಗಿದ್ದಳು. ನಾನು ಬಸ್ಸು ಹತ್ತಿದ್ದೇ ತಡ, ಅಜ್ಜಿಯ ಕಂಕುಳಲ್ಲಿ ನೆಟ್ಟಗಾಗಿ, ಉಸಿರು ಸಿಕ್ಕಿಹಾಕಿಕೊಳ್ಳುವಂತೆ ಅಳತೊಡಗಿದಳು.

ನಾನು ಕಿಟಕಿಯಿಂದ ಬಗ್ಗಿ, "ಅಕಿ ಎದುರಿಗಿ ಹೊಂಟಿದ್ದು ತಪ್ಪಾತು ನೋಡವಾ. ಒಂದಿನಾನೂ ಅಳದಾಕಿ ಹೆಂಗ ಅಳಾಕತ್ತಾಳ," ಎಂದೆ.

ನಮ್ಮವ್ವ ನನ್ನ ಮುಖ ನೋಡಲಿಲ್ಲ. ಕೂಸಿನ ಬೆನ್ನು ಸವರುತ್ತ ಹೇಳಿದಳು: "ಇವತ್ತಿಂದಲ್ಲವಾ ಇದು. ನೀ ಹೋದ ದಿನ ಎಲ್ಲಾ ಹಿಂಗ ಅಳ್ತಾಳ. ಹೇಳಿದ್ರ ನೀ ನೌಕರಿ ಬಿಟ್ಟು ಬರ್ತಿ ಅಂತ ಹೇಳಿದ್ದಿಲ್ಲ."

ಬಸ್ಸು ಹೊರಟಿತು. ನನಗೆ ಮೊದಲು ಬಂದದ್ದು ಸಂತೋಷ. ನನ್ನ ಕೂಸು ಇಷ್ಟು ದಿನವೂ ನನಗಾಗಿ ಅತ್ತಿದೆ ಎಂಬ, ಹೆತ್ತವಳಿಗೆ ಬರಬಾರದ ಸಂತೋಷ. ಅದರ ಬೆನ್ನಿಗೇ ಅಳು ಬಂತು. ಹರಪನಹಳ್ಳಿ ಬರುವವರೆಗೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ.