ಬಾರ್ಲೋ ಹುಡುಗರ ಬಗ್ಗೆ ವರ್ಲೀನ್ ಹೇಳಿದ್ದು

ಅಲಬಾಮಾದಲ್ಲಿ ಮಗುವಿಗೆ ಹೆಸರಿಡುವ ಮೊದಲೇ ಅದು ಯಾವ ಕಾಲೇಜಿನ ಫುಟ್‌ಬಾಲ್ ತಂಡದ ಕಡೆ ಎಂಬುದು ತೀರ್ಮಾನವಾಗಿರುತ್ತದೆ. ಇಲ್ಲಿಯ ಫುಟ್‌ಬಾಲ್‌ನಲ್ಲಿ ಚೆಂಡನ್ನು ಒದೆಯುವುದಕ್ಕಿಂತ ಕೈಯಲ್ಲಿ ಎಸೆಯುವುದು, ಹಿಡಿದು ಓಡುವುದೇ ಹೆಚ್ಚು. ನಮ್ಮೂರು ಮರೆಂಗೊ ಕಾಲೇಜಿನದು. ಹೊಳೆಯಾಚೆಯ ಬಾರ್ಲೋ ಕಾಲೇಜು ನಮಗೆ ಆಗದು. ಬ್ಯೂಟಿ ಪಾರ್ಲರ್ ನಡೆಸುವ ವರ್ಲೀನ್ ಸ್ಟಾಕೆಟ್‌ಗಂತೂ ಬಾರ್ಲೋ ಎಂದರೆ ಮೈಯೆಲ್ಲ ಉರಿ.

ಪಂದ್ಯಗಳ ಕಾಲ ಶುರುವಾಗುವುದು ಚಳಿ ಬೀಳುವ ಮುಂಚೆ. ಆದರೆ ಏಪ್ರಿಲ್‌ನಲ್ಲೇ ಬಾರ್ಲೋದವರು ತಮ್ಮ ಹುಡುಗರನ್ನು ಎರಡು ಭಾಗ ಮಾಡಿ ಒಂದು ಆಟ ಆಡಿಸಿ ಊರವರಿಗೆ ತೋರಿಸುತ್ತಾರೆ. ಆ ದಿನ ವರ್ಲೀನ್ ಪಾರ್ಲರ್‌ಗೆ ಬೀಗ ಹಾಕಿ ಬಾರ್ಲೋಗೆ ಹೋಗುತ್ತಾಳೆ. ಅವರ ಹಸಿರು ಅಂಗಿಗಳ ನಡುವೆ ಕೂತು, ಬೇಯಿಸಿದ ಕಡಲೆಕಾಯಿ ತಿನ್ನುತ್ತ, ಕೊನೆಯವರೆಗೂ ನೋಡಿ ಬರುತ್ತಾಳೆ. ಮುಂದಿನ ಮಂಗಳವಾರ ಪಾರ್ಲರ್‌ನಲ್ಲಿ ಕೂರಲು ಜಾಗವಿರುವುದಿಲ್ಲ. ಬಾರ್ಲೋ ಆ ವರ್ಷ ಎಷ್ಟು ಪಂದ್ಯ ಗೆಲ್ಲುತ್ತದೆಂದು ಅವಳು ಹೇಳುವ ಭವಿಷ್ಯ ಎಷ್ಟೋ ಸಲ ಸುಳ್ಳಾಗಿದೆ. ಭವಿಷ್ಯ ಯಾರಿಗೆ ಬೇಕಿತ್ತು? ನಾವು ಹೋಗುತ್ತಿದ್ದದ್ದು ಬೈಗುಳ ಕೇಳಲು.

ಆ ವರ್ಷ ಅವಳ ಕುರ್ಚಿಯಲ್ಲಿ ಕೂತಿದ್ದವಳು ಡೆಲ್ಫೀನ್, ನಮ್ಮ ಚರ್ಚಿಗೆ ಹೊಸದಾಗಿ ಬಂದ ಪಾದ್ರಿಯ ಹೆಂಡತಿ. ಕೂದಲು ಗುಂಗುರಾಗಲೆಂದು ಸುರುಳಿ ಸುತ್ತಿ ಔಷಧಿ ಹಚ್ಚಿಯಾಗಿತ್ತು. ಏಳುವಂತಿರಲಿಲ್ಲ.

"ಚೆಂಡು ಎಸೆಯೋ ಹುಡುಗ ಇದಾನಲ್ಲ," ವರ್ಲೀನ್ ಬಾಚಣಿಗೆ ಎತ್ತಿದಳು, "ಒಲೆ ಮೇಲಿಂದ ಇಳಿಸಿದ ಪಾತ್ರೆ ಹಿಡ್ಕೊಂಡಂಗೆ ಹಿಡ್ಕೋತಾನೆ ಕಣ್ರೇ. ಯಾರಾದ್ರೂ ತಗೊಂಡ್ರೆ ಸಾಕು ಅಂತ ಎಸೀತಾನೆ. ಅವನಿಗೆ ಕಾವಲು ನಿಲ್ಲೋ ಆ ಐದು ಜನ ದಾಂಡಿಗರು? ಊಟದ ಸಾಲಲ್ಲಿ ಮಾತ್ರ ಯಾರನ್ನೂ ಮುಂದಕ್ಕೆ ಬಿಡಲ್ಲ. ಚೆಂಡು ಒದೆಯೋನು ಎರಡು ಕಂಬದ ಮಧ್ಯೆ ಒದಿಯಪ್ಪಾ ಅಂದ್ರೆ ಬ್ಯಾಂಡ್‌ನೋರ ಡೋಲಿಗೆ ಒದ್ದ."

"ಎಷ್ಟು ಗೆಲ್ತಾರೆ?" ಪಕ್ಕದ ಕುರ್ಚಿಯಿಂದ ನಾನು ಕೇಳಿದೆ.

"ಮೂರು. ಅದೂ ಎದುರಿನವರ ಬಸ್ಸು ದಾರಿ ತಪ್ಪಿದ್ರೆ. ಮತ್ತೆ ಎದುರಾಳಿಗಳನ್ನ ತಡೆಯೋದು ಕಲಿಸೋಕೆ ಹೊಸ ಕೋಚ್ ತಂದಿದಾರೆ, ಕೋಯ್ ಥಿಗ್ಪೆನ್ ಅಂತೆ. ಗೋಡೆ ಥರ ನಿಂತ್ಕೊಳ್ರೋ ಅಂತ ಅರಚ್ತಾನೆ. ಬಾಗಿಲ ಥರ ನಿಲ್ತವೆ, ಅದೂ ತೆರೆದ ಬಾಗಿಲು."

"ಕೋಯ್ ನನ್ನ ತಮ್ಮ," ಎಂದಳು ಡೆಲ್ಫೀನ್.

ವರ್ಲೀನ್ ಕೆಂಪಾದಳು. ಆದರೂ ಸೋಲಲಿಲ್ಲ. "ನಿಮ್ಮ ಕಿವಿಗೆ ಬಿತ್ತಲ್ಲ ಅಂತ ಬೇಜಾರು, ಅಮ್ಮಾವ್ರೇ. ಹೇಳಿದ್ದಕ್ಕಲ್ಲ."

"ನೀವು ತುಂಬಾ ಕರುಣೆ ತೋರಿಸಿದ್ರಿ," ಎಂದಳು ಡೆಲ್ಫೀನ್. "ಚಿಕ್ಕವನಿದ್ದಾಗ ಹಿತ್ತಿಲಲ್ಲಿ ಒಂದು ಕೋಳೀನ ಅಡ್ಡಗಟ್ಟೋಕೆ ಆಗ್ತಿರ್ಲಿಲ್ಲ ಅವನಿಗೆ. ಕೋಳೀನೇ ಇವನನ್ನ ಅಟ್ಟಿಸ್ಕೊಂಡು ಬರ್ತಿತ್ತು."

ಪಾರ್ಲರ್ ನಕ್ಕು ನಕ್ಕು ಸುಸ್ತಾಯಿತು. ಬೇಸಿಗೆಯಿಡೀ ಹೆಂಗಸರು ಪಾದ್ರಿಯ ಹೆಂಡತಿಯನ್ನೇ ಸುತ್ತುವರಿದು ಕೋಳಿಯ ಕಥೆ ಕೇಳಿದರು. "ಸ್ವಂತ ತಮ್ಮನನ್ನ ಯಾರು ಬೇಕಾದ್ರೂ ಬೈತಾರೆ," ಎಂದು ವರ್ಲೀನ್ ಗೊಣಗಿದಳು.

ನವೆಂಬರ್‌ನಲ್ಲಿ ಬಾರ್ಲೋ ನಮ್ಮ ಮೈದಾನಕ್ಕೆ ಬಂತು. ಅಷ್ಟರಲ್ಲಿ ಒಂದೇ ಒಂದು ಪಂದ್ಯ ಸೋತಿತ್ತು. ಕೋಯ್‌ನ ಹುಡುಗರು ನಮ್ಮವರನ್ನು ಅರ್ಧ ಮೈದಾನವೂ ದಾಟಲು ಬಿಡಲಿಲ್ಲ. ನಮ್ಮ ಲೆಕ್ಕಕ್ಕೆ ಸೊನ್ನೆ. ಜನರೆಲ್ಲ ಎದ್ದು ಹೋದರೂ ವರ್ಲೀನ್ ಏಳಲಿಲ್ಲ. ಮಧ್ಯದಲ್ಲಿ ಎದ್ದು ಹೋಗುವುದು ಬಾರ್ಲೋದವರ ಬುದ್ಧಿ ಎಂದಳು.

ಮಂಗಳವಾರ ಡೆಲ್ಫೀನ್ ಕೂದಲಿಗೆಂದು ಬಂದಳು. ಕೊರಳಲ್ಲಿ ಬಾರ್ಲೋದ ಹಸಿರು ವಸ್ತ್ರ. ಎಲ್ಲರೂ ಪತ್ರಿಕೆಗಳ ಮರೆಯಿಂದ ನೋಡಿದೆವು. ವರ್ಲೀನ್ ಅವಳ ತಲೆಯನ್ನು ತೊಟ್ಟಿಗೆ ಬಾಗಿಸಿ ನೀರು ಬಿಟ್ಟಳು.

"ನೀರು ಬಿಸಿ ಇದೆ," ಎಂದಳು ಡೆಲ್ಫೀನ್.

"ಇರ್ಲಿ," ಎಂದಳು ವರ್ಲೀನ್.

ಡೆಲ್ಫೀನ್ ಮೆಲ್ಲಗೆ ಹೇಳಿದಳು: "ಅವತ್ತು ನಿಮ್ಮನ್ನೆಲ್ಲ ನಗಿಸಿ ಮನೆಗೆ ಹೋಗಿ ಅತ್ತುಬಿಟ್ಟೆ. ಅಮ್ಮ ಹೋದ್ಮೇಲೆ ಅವನನ್ನ ಬೆಳೆಸಿದ್ದು ನಾನೇ. ಹೊಸ ಊರು, ಒಬ್ರೂ ಪರಿಚಯ ಇಲ್ಲ. ನೀವೆಲ್ಲ ನನ್ನ ಸೇರಿಸ್ಕೊಳ್ಳಿ ಅಂತ ಅವನನ್ನ ಆಡ್ಕೊಂಡೆ."

ವರ್ಲೀನ್ ತಣ್ಣೀರಿನ ನಲ್ಲಿ ತಿರುಗಿಸಿ ನೀರಿನ ಬಿಸಿ ಮುರಿದಳು. ಪಕ್ಕದಲ್ಲೇ ಕೂತಿದ್ದ ನನ್ನ ಹೊರತು ಬೇರೆ ಯಾರಿಗೂ ಕೇಳದಷ್ಟು ತಗ್ಗಿದ ದನಿಯಲ್ಲಿ ಅಂದಳು: "ನಿಮ್ಮ ತಮ್ಮ ಕೆಲಸ ಗೊತ್ತಿರೋನು ಕಣ್ರೀ. ಏಪ್ರಿಲ್‌ನಲ್ಲೇ ಕಂಡಿತ್ತು ನನಗೆ. ಅದಕ್ಕೇ ಅಷ್ಟು ಬೈದದ್ದು."

ಡೆಲ್ಫೀನ್ ಒದ್ದೆ ಮುಖವನ್ನು ಒರೆಸಿಕೊಂಡಳು. ಯಾವುದು ನಲ್ಲಿ ನೀರೋ ಯಾವುದು ಕಣ್ಣೀರೋ ತಿಳಿಯಲಿಲ್ಲ. ವರ್ಲೀನ್ ಸೊಂಟದ ಮೇಲೆ ಕೈಯಿಟ್ಟು ಎಲ್ಲರ ಕಡೆ ತಿರುಗಿದಳು.

"ಏನ್ರೇ ಸಾವಿನ ಮನೇಲಿ ಕೂತಂಗೆ ಕೂತಿದೀರ? ಮುಂದಿನ ವರ್ಷ ಬಾರ್ಲೋ ಗತಿ ಕೇಳಿ. ಎಸೆಯೋನು ಓದು ಮುಗಿಸಿ ಹೋಗ್ತಿದಾನೆ, ಆ ಕಾಲೇಜಲ್ಲಿ ಯಾರಾದ್ರೂ ಓದು ಮುಗಿಸಿದ್ದು ಇದೇ ಮೊದಲು. ಅವನ ಜಾಗಕ್ಕೆ ಬರೋನಿಗೆ ಎಡಗೈ ಯಾವುದು ಬಲಗೈ ಯಾವುದು ಅಂತ ಇನ್ನೂ ಹೇಳಿಕೊಡ್ತಿದಾರೆ."

"ಕೋಯ್?" ಎಂದಳು ಡೆಲ್ಫೀನ್.

"ಅವನನ್ನ ಏಪ್ರಿಲ್‌ವರೆಗೆ ಬೈಯದೆ ಬಿಟ್ಟಿರ್ತೀನಿ," ಎಂದಳು ವರ್ಲೀನ್. "ತಲೆ ಬಗ್ಗಿಸಿ, ಸೋಪು ಹೋಗಿಲ್ಲ ಇನ್ನೂ."